ಹಾಫ್‌ಟೈಮಿನ ಪ್ರಾರ್ಥನೆ

ನನಗೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಭಕ್ತಿ ಕಡಿಮೆಯೆಂದಲ್ಲ, ಒಲೆಯ ಮೇಲೆ ಹಾಲಿರುತ್ತದೆ. ಅಡುಗೆಮನೆಯಲ್ಲಿ ನಿಂತು ದೇವರ ಜೊತೆ ಮಾತಾಡುವ ಹೆಂಗಸರಿಗೆಲ್ಲ ಈ ಕಷ್ಟ ಗೊತ್ತು. ಗಂಡಸರು ಗಂಟಲು ಸರಿಮಾಡಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ, ಲೋಕದ ಎಲ್ಲ ದೇಶಗಳ ಅರಸರಿಗೂ ಅಧಿಕಾರಿಗಳಿಗೂ ಆಶೀರ್ವಾದ ಬೇಡಬಲ್ಲರು. ನಾವು ಒಂದು ಕಣ್ಣು ಪರಲೋಕದ ಕಡೆ, ಇನ್ನೊಂದು ಪಾತ್ರೆಯ ಕಡೆ ಇಟ್ಟುಕೊಂಡೇ ಆಮೆನ್ ಅನ್ನಬೇಕು. ಹಾಲು ಉಕ್ಕದೆ ಪ್ರಾರ್ಥನೆ ಮುಗಿದರೆ ಅದೇ ಆ ಹೊತ್ತಿನ ಮೊದಲ ಉಪಕಾರ, ಅದಕ್ಕೂ ಒಂದು ಸ್ತೋತ್ರ. ಚರ್ಚಿನಲ್ಲಿ ಹಾಲೂ ಇಲ್ಲ, ಒಲೆಯೂ ಇಲ್ಲ, ಆದರೂ ಅಭ್ಯಾಸ ಬಿಡುವುದಿಲ್ಲ. ಎಲ್ಲರೂ ತಲೆ ಬಾಗಿಸಿದಾಗ ಯಾರ ಮಗು ಯಾರ ಚಪ್ಪಲಿ ಹಾಕಿಕೊಂಡು ಹೊರಟಿದೆ ಎನ್ನುವುದನ್ನು ನೋಡುವವಳು ಸಭೆಯಲ್ಲಿ ನಾನೊಬ್ಬಳೇ. ಇದರಿಂದ ಎಷ್ಟೋ ಚಪ್ಪಲಿಗಳು ಉಳಿದಿವೆ. ಆದರೆ ಈ ಬೇಸಿಗೆಯಲ್ಲಿ, ತೆರೆದ ಕಣ್ಣಿಗೂ ಎಲ್ಲ ಕಾಣುತ್ತದೆ ಎಂಬ ಭರವಸೆ ಇಲ್ಲವೆಂದು ನನಗೆ ಗೊತ್ತಾಯಿತು.

ನಾನು ಭಾಲ್ಕಿ ಕಡೆಯವಳು. ಮದುವೆಯಾಗಿ ಗಡಿಯಾಚೆಯ ನಿಲಂಗಾಕ್ಕೆ ಬಂದೆ. ಬಸ್ಸು ಔರಾದ ಶಹಾಜನಿ ದಾಟುವಷ್ಟರಲ್ಲಿ ಅಂಗಡಿಗಳ ಬೋರ್ಡೆಲ್ಲ ಮರಾಠಿಗೆ ತಿರುಗಿದ್ದನ್ನು ಕಂಡು ಅತ್ತದ್ದು ಇನ್ನೂ ನೆನಪಿದೆ. ಇಲ್ಲಿಯ ನಮ್ಮ ಚರ್ಚು ಮರಾಠಿಯದು. ಹಾಡು ಮರಾಠಿ, ಉಪದೇಶ ಮರಾಠಿ, ಕೊನೆಗೆ ಚಹಾದ ಮೇಲಿನ ಹರಟೆಯೂ ಮರಾಠಿ. ನನ್ನ ಪ್ರಾರ್ಥನೆ ಮಾತ್ರ ಇವತ್ತಿಗೂ ಕನ್ನಡ. ಬೇಡಿಕೊಳ್ಳುವಾಗ ತವರಿನ ಮಾತೇ ಬಾಯಿಗೆ ಬರುತ್ತದೆ.

ದೇವರನ್ನು ಬಿಟ್ಟರೆ ನಾನು ಕನ್ನಡದಲ್ಲಿ ಮನಸ್ಸು ಬಿಚ್ಚುವುದು ಪಕ್ಕದ ಮನೆಯ ಮಹಾನಂದಾಳ ಹತ್ತಿರ. ಲಿಂಗಾಯತರು, ಔರಾದದ ರಸ್ತೆಗೆ ಹೊಲ, ತಲೆಮಾರುಗಳಿಂದ ಮನೆಮಾತು ಕನ್ನಡ. ನನಗಿಂತ ಸಣ್ಣವಳು, ಅಕ್ಕಾ ಅನ್ನುತ್ತಾಳೆ. ನಮ್ಮಿಬ್ಬರ ನಡುವೆ ಒಂದು ಗೋಡೆ. ಅದರ ಮೇಲಿಂದ ಅವಳ ಹಿತ್ತಲಿನ ಕರಿಬೇವು ಈಚೆ, ನಮ್ಮ ಮನೆಯ ನಿಂಬೆ ಆಚೆ ಹೋಗುತ್ತಿರುತ್ತವೆ. ಹೋಗದೆ ಇದ್ದದ್ದು ಒಂದೇ. ಅವರಲ್ಲಿ ಪೂಜೆಯ ಗಂಟೆ ಕೇಳಿದರೆ ನಾನು ಹೊಸ್ತಿಲಿನಿಂದಲೇ ಹಿಂದಕ್ಕೆ ಬರುತ್ತಿದ್ದೆ. ನಮ್ಮ ಬಾಗಿಲಲ್ಲಿ ಪ್ರಾರ್ಥನಾಕೂಟದ ಚಪ್ಪಲಿ ಕಂಡರೆ ಅವಳು ಮಜ್ಜಿಗೆಯ ತಂಬಿಗೆಯನ್ನು ಕಟ್ಟೆಯ ಮೇಲಿಟ್ಟು ಹೋಗಿಬಿಡುತ್ತಿದ್ದಳು. ಅವಳ ದೇವರ ಸುದ್ದಿ ನಾನು ಎತ್ತಲಿಲ್ಲ, ನನ್ನ ದೇವರ ಸುದ್ದಿ ಅವಳು ಕೇಳಲಿಲ್ಲ. ನೆರೆಹೊರೆಯ ಮರ್ಯಾದೆ ಅಂದರೆ ಹೀಗಿರಬೇಕು ಎಂದು ಇಬ್ಬರಿಗೂ ಒಳಗೊಳಗೆ ಹೆಮ್ಮೆ.

ಆದರೆ ಗೋಡೆಯ ಈಚೆ ನಿಂತು ನಾನು ಅವಳಿಗಾಗಿ ಪ್ರಾರ್ಥಿಸದ ದಿನವಿಲ್ಲ. ನನಗೆ ಸಿಕ್ಕ ಸಮಾಧಾನ ಅವಳಿಗೂ ಸಿಗಲಿ ಎಂಬುದು ನನ್ನ ಆಸೆ. ಈ ಆಸೆಯನ್ನು ಮುಚ್ಚಿಟ್ಟು ಬರೆದರೆ ಸುಳ್ಳಾಗುತ್ತದೆ. 'ಕರ್ತನೇ, ಮಹಾನಂದಾಳನ್ನು ನಿನ್ನ ಕಡೆ ಕರೆದುಕೋ' ಎಂದು ಕೇಳಿ, ಅದು ಬೇರೆ ರೀತಿಯಲ್ಲಿ ಈಡೇರಿಬಿಟ್ಟೀತೆಂಬ ಹೆದರಿಕೆಯಿಂದ, 'ಮೈಯಲ್ಲಿ ಆರೋಗ್ಯ ಇಟ್ಟೇ' ಎಂದು ಸೇರಿಸುತ್ತೇನೆ.

ಈ ಬೇಸಿಗೆಯಲ್ಲಿ ನಮ್ಮ ಚರ್ಚಿಗೆ ಜೋಯೆಲ್ ಸರ್ ಬಂದರು. ನಾಗಪುರದ ಕಡೆಯ ತರುಣ, ಫುಟ್‌ಬಾಲ್ ಕೋಚ್. ಊರೂರಿನಲ್ಲಿ ಮಕ್ಕಳಿಗೆ ಆಟದ ಶಿಬಿರ ನಡೆಸಿ, ಆಟದ ಜೊತೆಗೇ ಸುವಾರ್ತೆ ಹೇಳುವುದು ಅವರ ಸೇವೆ. ಉಮರ್ಗಾದಲ್ಲಿ ಒಂದು ಶಿಬಿರ ಮುಗಿಸಿದ್ದರು, ನಿಲಂಗಾದಲ್ಲಿ ಎರಡನೆಯದು, ಆಮೇಲೆ ಉದಗೀರ; ಕೊನೆಗೆ ಮೂರೂ ಊರಿನ ಮಕ್ಕಳಿಗೆ ಉದಗೀರದಲ್ಲಿ ಪಂದ್ಯ. ಅವರ ಪದ್ಧತಿ ಬಹಳ ಸರಳ. ಅರ್ಧ ಆಟ ಆಡಿಸುವುದು, ಹಾಫ್‌ಟೈಮಿನಲ್ಲಿ ಮಕ್ಕಳನ್ನು ನೆರಳಿಗೆ ಕೂರಿಸಿ ಯೇಸುಸ್ವಾಮಿಯ ಒಂದು ಕಥೆ ಹೇಳಿ ಪ್ರಾರ್ಥಿಸುವುದು, ಮತ್ತೆ ಅರ್ಧ ಆಟ. ಸಭೆಯ ಹಿರಿಯರಿಗೆ ಇದು ಅಷ್ಟಾಗಿ ರುಚಿಸಲಿಲ್ಲ. ಚೆಂಡು ಒದ್ದರೆ ಆತ್ಮಗಳು ಹೇಗೆ ಉದ್ಧಾರವಾಗುತ್ತವೆ ಎಂದು ಒಬ್ಬರು ಕೇಳಿದರಂತೆ. ಉಪದೇಶಕ್ಕೆ ನಿದ್ದೆ ಮಾಡುವ ಮಕ್ಕಳು ಚೆಂಡಿಗಾದರೂ ಎಚ್ಚರ ಇರುತ್ತಾರಲ್ಲ ಎಂದು ನಮ್ಮವರು ಅಂದರಂತೆ. ನಮ್ಮವರು ಶಾಲಾ ಮಾಸ್ತರರು, ಅನುಭವದ ಮಾತು. ಶಿಬಿರಕ್ಕೆ ಒಪ್ಪಿಗೆ ಸಿಕ್ಕಿತು. ನನಗೆ ಅಡುಗೆ ಸಿಕ್ಕಿತು.

ಮಹಾನಂದಾಳ ಮಗಳು ಶಿವಾನಿ ಆರನೆಯ ತರಗತಿ. ಗೋಡೆಗೆ ಚೆಂಡು ಒದ್ದು ಒದ್ದು ನನ್ನ ಮಧ್ಯಾಹ್ನದ ನಿದ್ದೆ ಕೆಡಿಸಿದ ಹುಡುಗಿ. ಶಿಬಿರದ ಸುದ್ದಿ ಕೇಳಿದಾಗಿನಿಂದ ಊಟ ಬಿಟ್ಟಳು. ಮಹಾನಂದಾ ಗೋಡೆಯ ಹತ್ತಿರ ಬಂದು ವಿಚಾರಿಸಿದಳು. ಚರ್ಚಿನವರ ಶಿಬಿರ, ಆಟ ಕಲಿಸುತ್ತಾರೆ, ನಡುವೆ ಕಥೆ ಇರುತ್ತದೆ, ಪ್ರಾರ್ಥನೆಯೂ ಇರುತ್ತದೆ ಎಂದು ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳ ಮಾವನವರಿಗೆ ಅನುಮಾನವಿತ್ತು, ಚೆಂಡಿನ ನೆವದಲ್ಲಿ ಹುಡುಗಿಗೆ ಇನ್ನೇನು ಕಲಿಸುತ್ತಾರೋ ಎಂದು. ಅವಳು ಅವರಿಗೆ ಏನು ಹೇಳಿ ಒಪ್ಪಿಸಿದಳೋ, ನನಗೆ ಮಾತ್ರ ಹೀಗೆಂದಳು:

"ಅಕ್ಕಾ, ಅಲ್ಲಿ ನೀ ಇರ್ತಿ ಅಲ್ಲ? ಮತ್ತ ನನಗ್ಯಾಕ ಚಿಂತಿ. ಕಳಸ್ತೀನಿ."

ಹೀಗೆ ಶಿವಾನಿ ಬಂದಳು. ಅವಳ ಹಿಂದೆ ನಮ್ಮ ಗಲ್ಲಿಯ ಇನ್ನೂ ಕೆಲವು ಹುಡುಗಿಯರು ಬಂದರು.

ಶಿಬಿರದ ಬಗ್ಗೆ ನನ್ನನ್ನು ಕೇಳಿದರೆ ಅಡುಗೆಯ ಬಗ್ಗೆಯೇ ಹೇಳುತ್ತೇನೆ. ಜೋಯೆಲ್ ಸರ್ ಮಕ್ಕಳಿಗೆ ಶಕ್ತಿ ಬರಬೇಕೆಂದು ಬೇಯಿಸಿದ ಮೊಟ್ಟೆ, ಬಾಳೆಹಣ್ಣು ಅಂದರು. ಮಹಾನಂದಾಳ ಮನೆಯಲ್ಲಿ ಮೊಟ್ಟೆಯ ಹೆಸರೆತ್ತಿದರೂ ನೆಲ ಸಾರಿಸುತ್ತಾರೆ. ಮೊಟ್ಟೆಗೆ ಬೇರೆ ಪಾತ್ರೆ, ಮೊಟ್ಟೆ ತಿನ್ನದವರ ಪೋಹೆಗೆ, ಅಂದರೆ ಅವಲಕ್ಕಿಗೆ, ಬೇರೆ ಪಾತ್ರೆ, ಮೊಟ್ಟೆ ಮುಟ್ಟಿದ ಕೈ ತೊಳೆಯಲು ಬೇರೆ ಬಕೆಟ್ಟು, ಕೊನೆಗೆ ಪೋಹೆಯ ಪಾತ್ರೆ ಮಹಾನಂದಾಳ ಮನೆಯದನ್ನೇ ತರಿಸಿದೆ. ನಮ್ಮ ಯುವಕರು ನಗುತ್ತಿದ್ದರು. ನನ್ನನ್ನು ನಂಬಿ ಕಳಿಸಿದ್ದಾಳೆ, ಅವಳ ಮನೆಯ ನಿಯಮ ನನ್ನ ಕೈಯಲ್ಲಿ ಮುರಿಯಬಾರದು ಎಂದು ಅವರಿಗೆ ಬೈದೆ. ನನ್ನ ಎಚ್ಚರದ ಮೇಲೆ ನನಗೆ ಬಹಳ ಅಭಿಮಾನವಾಯಿತು. ಅಭಿಮಾನ ಬಂದ ಮೇಲೆ ಏನಾಗುತ್ತದೆ ಎಂದು ನಮ್ಮ ಪಾಸ್ಟರು ವರ್ಷಕ್ಕೊಮ್ಮೆಯಾದರೂ ಹೇಳುತ್ತಾರೆ. ಆಗ ನಾನು ಚಪ್ಪಲಿ ನೋಡುತ್ತಿರುತ್ತೇನೆ.

ಮೈದಾನವೆಂದರೆ ಶಾಲೆಯ ಬಯಲು. ಬಿದಿರಿನ ಗೋಲು, ಸುತ್ತ ಜಾಲಿ ಮುಳ್ಳು. ಚೆಂಡು ಜಾಲಿಯ ಕಡೆ ಹೋದಾಗಲೆಲ್ಲ ನಾನು ಪ್ರಾರ್ಥಿಸುತ್ತಿದ್ದೆ. ಶಿಬಿರ ಮುಗಿಯುವವರೆಗೂ ಒಂದೇ ಚೆಂಡು ಒಡೆಯಿತು, ಅದೂ ಮೊದಲೇ ತೇಪೆ ಹಾಕಿದ್ದು. ಶಿವಾನಿಯನ್ನು ಗೋಲಿನಲ್ಲಿ ನಿಲ್ಲಿಸಿದರು. ಸಗಣಿ ಸಾರಿಸಿದ ಅಂಗಳದಲ್ಲಿ ಬೆಳೆದ ಹುಡುಗಿ ಧೂಳಿನಲ್ಲಿ ಅಡ್ಡಡ್ಡ ಬೀಳುವುದನ್ನು, ಬಿದ್ದು ಚೆಂಡನ್ನು ಹಸುಗೂಸಿನ ಹಾಗೆ ಎದೆಗೆ ಅವಚಿಕೊಂಡು ಏಳುವುದನ್ನು ನೋಡಿದರೆ ನನಗೆ ಆಟ ತಿಳಿಯದಿದ್ದರೂ ಕಣ್ಣು ತುಂಬಿ ಬರುತ್ತಿತ್ತು. ಉದಗೀರದ ಪಂದ್ಯಕ್ಕೆ ಗೋಲಿನಲ್ಲಿ ನೀನೇ ಎಂದು ಸರ್ ಹೇಳಿದ ದಿನ ಅವಳು ಓಡುತ್ತ ಮನೆಗೆ ಹೋದಳು.

ಶಿಬಿರದ ಕೊನೆಯ ದಿನ. ಹಾಫ್‌ಟೈಮಿಗೆ ಮಕ್ಕಳೆಲ್ಲ ಬೇವಿನ ನೆರಳಿನಲ್ಲಿ ಕೂತಿದ್ದರು. ಜೋಯೆಲ್ ಸರ್ ಕಳೆದುಹೋದ ಕುರಿಯ ಕಥೆ ಹೇಳಿದರು, ಚೆನ್ನಾಗಿ ಹೇಳಿದರು. ಮುಗಿಸಿ, ಈಗ ಎಲ್ಲರೂ ಕಣ್ಣು ಮುಚ್ಚಿ ಪ್ರಾರ್ಥಿಸೋಣ ಅಂದರು. ಸ್ವಲ್ಪ ಹೊತ್ತು ಬಿಟ್ಟು, ಯಾರು ತಮ್ಮ ಮನಸ್ಸನ್ನು ಯೇಸುಸ್ವಾಮಿಗೆ ಕೊಡುತ್ತೀರೋ ಅವರು ಕೈ ತೋರಿಸಿ ಎಂದು ಮೆಲ್ಲಗೆ ಅಂದರು. ನಾನು ಮೊಟ್ಟೆಯ ಪಾತ್ರೆಯ ಹತ್ತಿರ ನಿಂತಿದ್ದೆ, ಎಂದಿನ ಹಾಗೆ ಕಣ್ಣು ತೆರೆದೇ. ನೋಡುತ್ತೇನೆ, ಶಿವಾನಿ ಬೆನ್ನು ನೆಟ್ಟಗೆ ಮಾಡಿ ಕೂತು, ಎಡಗೈಯನ್ನು ಮುಖದ ಎದುರಿಗೆ ಚಾಚಿ ಹಿಡಿದಿದ್ದಾಳೆ. ಬಲಗೈಯಲ್ಲಿ ಅರ್ಧ ತಿಂದ ಬಾಳೆಹಣ್ಣು ಇತ್ತು, ಅದಕ್ಕೇ ಎಡಗೈ ಎಂದುಕೊಂಡೆ. ಅವಳ ಪಕ್ಕದಲ್ಲಿ ನಮ್ಮ ಗಲ್ಲಿಯ ಹುಡುಗಿಯರದೂ ಅದೇ ರೀತಿ ಚಾಚಿದ ಕೈ. ಇಷ್ಟು ವರ್ಷ ಗೋಡೆಯ ಈಚೆ ನಿಂತು ಬೇಡಿದ್ದಕ್ಕೆ ಗೋಡೆಯ ಆಚೆಯಿಂದ ಒಂದು ಸಣ್ಣ ಕೈ ಎದ್ದಿತ್ತು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಜೋಯೆಲ್ ಸರ್ ನನಗಿಂತ ಹೆಚ್ಚು ಅತ್ತರು. ನಮ್ಮ ಯುವಕರಲ್ಲಿ ಒಬ್ಬ ಮೊಬೈಲಿನಲ್ಲಿ ಆ ಕೈಗಳ ಫೋಟೊ ತೆಗೆದಿದ್ದ. ಭಾನುವಾರ ಸಭೆಯಲ್ಲಿ ಇದನ್ನು ತೋರಿಸೋಣ, ತಮಗಾಗಿ ಪ್ರಾರ್ಥಿಸುವ ಸಹೋದರರಿಗೂ ಕಳಿಸೋಣ ಎಂದು ಸರ್ ಹೇಳಿದರು. ನಾನು ಹಾಲೆಲೂಯಾ ಅಂದೆ.

ಹಾಲೆಲೂಯಾ ಅಂದದ್ದು ಮೈದಾನದಲ್ಲಿ. ಪೋಹೆಯ ಖಾಲಿ ಪಾತ್ರೆ ಕಂಕುಳಲ್ಲಿ ಹಿಡಿದು ಮನೆಯ ಕಡೆ ನಡೆದಾಗ, ಆ ಪಾತ್ರೆ ಯಾರದು ಎಂದು ನೆನಪಾಯಿತು. 'ಅಲ್ಲಿ ನೀ ಇರ್ತಿ ಅಲ್ಲ' ಅಂದಿದ್ದಳು. ಆಟಕ್ಕೆ ಕಳಿಸಿದ್ದಾಳೆ, ಕಥೆಗೂ ಪ್ರಾರ್ಥನೆಗೂ ಒಪ್ಪಿದ್ದಾಳೆ; ಮಗಳ ಮನಸ್ಸನ್ನೇ ಕೊಟ್ಟುಬಿಡಲು ಯಾರು ಅವಳನ್ನು ಕೇಳಿದರು? ಕೇಳದೆ ಅವಳ ಹಿತ್ತಲಿನ ಕರಿಬೇವಿನ ಎಸಳನ್ನೂ ಕೀಳದವಳು ನಾನು. ಆ ಫೋಟೊ ಸಭೆಯಲ್ಲಿ ತೋರಿಸಿದರೆ ಸಂಜೆಯೊಳಗೆ ಊರೆಲ್ಲ ಮೊಬೈಲಿನಲ್ಲಿ ನೋಡುತ್ತದೆ. ಶಿವಾನಿಯ ಆಟ ಅಲ್ಲಿಗೆ ಮುಗಿಯಿತು. ನನ್ನನ್ನು ನಂಬಿ ಮಾವನವರ ಮುಂದೆ ಹೊಣೆ ಹೊತ್ತ ಮಹಾನಂದಾಳ ಗತಿಯೇನು?

ನಮ್ಮವರಿಗೆ ಹೇಳಿದೆ. ಉದಗೀರದ ಪಂದ್ಯ ಆಗುವವರೆಗೆ ಸುಮ್ಮನಿರು, ಆಮೇಲೆ ನೋಡೋಣ ಅಂದರು. ಗಂಡಸರ 'ಆಮೇಲೆ ನೋಡೋಣ' ಎಂಬುದು ಹಳೆಯ ಉಪ್ಪಿನಕಾಯಿಯ ಭರಣಿ. ಮುಚ್ಚಳ ತೆಗೆಯುವ ಕೆಲಸ ಹೆಂಗಸರದು. ನಾನು ಪಾತ್ರೆ ತಿಕ್ಕಿ ತೊಳೆದು, ಅದನ್ನೇ ಹಿಡಿದುಕೊಂಡು ಮಹಾನಂದಾಳ ಮನೆಗೆ ಹೋದೆ.

ಅವಳು ಅತ್ತೆಯ ಜೊತೆ ಪಡಸಾಲೆಯಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಮಾವನವರು ಹೊಲದಲ್ಲಿದ್ದರು, ಅದೊಂದು ಉಪಕಾರ. ನಾನು ಸುತ್ತಿ ಬಳಸದೆ ಹೇಳಿದೆ: ಇವತ್ತು ಸರ್ ಹೀಗೆ ಕೇಳಿದರು, ಶಿವಾನಿ ಕೈ ತೋರಿಸಿದಳು, ಫೋಟೊ ತೆಗೆದಿದ್ದಾರೆ. ನನಗೆ ಸಂತೋಷವಾಯಿತು ಎನ್ನುವುದನ್ನೂ ಹೇಳಿದೆ, ಅದನ್ನು ನುಂಗಿದ್ದರೆ ಅರ್ಧ ಸತ್ಯವಾಗುತ್ತಿತ್ತು. ಆದರೆ ನಿನ್ನನ್ನು ಕೇಳದೆ ಆದದ್ದು ಸರಿಯಲ್ಲ, ಅದಕ್ಕೇ ಬಂದೆ ಎಂದೆ.

ಮಹಾನಂದಾಳ ಕೈ ಮೊರದ ಮೇಲೆ ನಿಂತಿತು. ಆಮೇಲೆ ಮಗಳನ್ನು ಕರೆದು, ಮೈದಾನದಲ್ಲಿ ಪ್ರಾರ್ಥನೆ ಹೇಗೆ ಮಾಡಿದೆ, ಮಾಡಿ ತೋರಿಸು ಅಂದಳು. ಶಿವಾನಿ ಗಾಬರಿಯಿಂದ ನನ್ನನ್ನು ನೋಡಿ, ಚಕ್ಕಳಮಕ್ಕಳ ಹಾಕಿ ಕೂತು, ಎಡಗೈಯನ್ನು ಅಂಗೈ ಮೇಲಾಗಿ ಮುಖದ ಎದುರಿಗೆ ಹಿಡಿದು, ಅದನ್ನೇ ದಿಟ್ಟಿಸಿ ನೋಡಿದಳು.

ಮುದುಕಿ ಕೂತಲ್ಲಿಂದಲೇ ಅಂದರು, "ಕೈ ಇನ್ನಷ್ಟ ಮ್ಯಾಲ ಹಿಡಿ. ಲಿಂಗ ಕಣ್ಣಿಗಿ ಸರಿ ಇರಬೇಕು ಅಂತ ಎಷ್ಟ ಸಲ ಹೇಳೀನಿ ನಿನಗ."

ಅವರ ಮನೆಯಲ್ಲಿ ಪೂಜೆಯೆಂದರೆ ಹಾಗಂತೆ. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಕಣ್ಣಿನ ನೇರಕ್ಕೆ ಹಿಡಿದು, ರೆಪ್ಪೆ ಬಡಿಯದೆ ನೋಡುತ್ತ ಕೂರುವುದು. ಅಜ್ಜಿ ದಿನವೂ ಮಾಡುತ್ತಾರೆ, ಮೊಮ್ಮಗಳಿಗೆ ಅಭ್ಯಾಸ ಮಾಡಿಸುತ್ತಿದ್ದಾರೆ. ಪ್ರಾರ್ಥಿಸೋಣ ಎಂದು ಸರ್ ಅಂದಕೂಡಲೇ ನಮ್ಮ ಗಲ್ಲಿಯ ಹುಡುಗಿಯರು, ಎಲ್ಲ ಲಿಂಗಾಯತರ ಮಕ್ಕಳೇ, ತಮಗೆ ಗೊತ್ತಿದ್ದ ರೀತಿಯಲ್ಲಿ ಪ್ರಾರ್ಥಿಸಿದ್ದರು. ಸರ್ ಮುಂದೆ ಹೇಳಿದ ಮಾತು ಬರುವಷ್ಟರಲ್ಲಿ ಅವರ ಕೈಗಳು ಆಗಲೇ ಎದುರಿಗಿದ್ದವು. ನಾಗಪುರದ ಸರ್‌ಗೆ ಇದು ತಿಳಿಯದಿದ್ದರೆ ತಪ್ಪಿಲ್ಲ. ನಾನು ಪಕ್ಕದ ಮನೆಯವಳು. ಗಂಟೆ ಕೇಳಿದಾಗಲೆಲ್ಲ ಮರ್ಯಾದೆಯಿಂದ ಹಿಂದಿರುಗಿದವಳಿಗೆ ಒಳಗೆ ಏನು ನಡೆಯುತ್ತದೆ ಎಂದು ಹೇಗೆ ಗೊತ್ತಾಗಬೇಕು?

ಆಗ ನನ್ನ ಮನಸ್ಸಿನಲ್ಲಿ ಎರಡು ಆಯಿತು. ಬೆಟ್ಟದಷ್ಟು ಭಾರ ಇಳಿಯಿತು. ಮತ್ತು ಯಾರೋ ಕೈಯಲ್ಲಿದ್ದ ಸಿಹಿ ಕಿತ್ತುಕೊಂಡ ಹಾಗೂ ಆಯಿತು. ಎರಡನೆಯದು ಮುಖದಲ್ಲಿ ಕಂಡಿರಬೇಕು, ಮಹಾನಂದಾ ನನ್ನನ್ನೇ ನೋಡುತ್ತಿದ್ದಳು. ಅವಳು ನಗಲಿಲ್ಲ. ಫೋಟೊ ಎಲ್ಲಿಗೂ ಹೋಗಬಾರದು, ಸರ್ ಒಮ್ಮೆ ಮನೆಗೆ ಬಂದು ಮಾವನವರ ಜೊತೆ ಮಾತಾಡಲಿ, ಆಮೇಲೆ ಉದಗೀರದ ವಿಚಾರ ಅಂದಳು. ಶಿವಾನಿಯ ಎದುರಿಗೇ ಅಂದಳು. ಹುಡುಗಿ ಚಾಚಿದ ಕೈಯನ್ನು ಇನ್ನೂ ಇಳಿಸಿರಲಿಲ್ಲ.

ಜೋಯೆಲ್ ಸರ್‌ಗೆ ಹೇಳುವುದು ಇನ್ನೂ ಕಷ್ಟವಾಯಿತು. ಸಂತೋಷದಿಂದ ಗುನುಗುತ್ತ ಚೆಂಡಿಗೆ ಗಾಳಿ ತುಂಬುತ್ತಿದ್ದರು. ಅವರ ಮಾತು ಹಿಂದಿ; ನನ್ನ ಹಿಂದಿ ಅರ್ಧ ಮರಾಠಿ, ಅರ್ಧ ಭಾಲ್ಕಿ. ಮಾತಿಗಿಂತ ಹೆಚ್ಚು ನನ್ನ ಎಡಗೈಯೇ ಹೇಳಿತು. ಅವರು ಪಂಪು ಕೆಳಗಿಟ್ಟರು. ಬೈಯುತ್ತಾರೆ ಎಂದುಕೊಂಡಿದ್ದೆ. ಆಂಟಿ, ನಾನು ದೇವರಿಗೆ ಆಗಲೇ ಥ್ಯಾಂಕ್ಸ್ ಹೇಳಿಬಿಟ್ಟೆ, ಈಗೇನು ಮಾಡುವುದು ಎಂದು ಕೇಳಿದರು. ಹೇಳಿದ್ದು ಇರಲಿ, ದೇವರು ಬೇರೆ ಯಾವುದಕ್ಕಾದರೂ ಹಚ್ಚಿಕೊಳ್ಳುತ್ತಾನೆ ಎಂದು ನಾನು ಸಮಾಧಾನ ಮಾಡಿದೆ. ಅವರು ಆ ಯುವಕನನ್ನು ಕರೆಸಿ ನನ್ನ ಎದುರಿಗೇ ಫೋಟೊ ಅಳಿಸಿದರು. ಆಮೇಲೆ ಮಹಾನಂದಾಳ ಮನೆಗೆ ಬಂದು, ಚಪ್ಪಲಿ ಬಿಟ್ಟು, ಅಜ್ಜನ ಎದುರಿಗೆ ನೆಲದ ಮೇಲೆ ಕೂತು, ತಾನು ಯಾರು, ಏನು ನಂಬುತ್ತೇನೆ, ಮಕ್ಕಳಿಗೆ ಏನು ಹೇಳುತ್ತೇನೆ, ಈ ಸಲ ಎಲ್ಲಿ ಅವಸರ ಮಾಡಿದೆ ಎಂದು ಎಲ್ಲ ಹೇಳಿದರು. ಇನ್ನು ಮೇಲೆ ಹಾಫ್‌ಟೈಮಿನ ಹೊತ್ತಿಗೆ ತಾಯಂದಿರೂ ಬಂದು ಕೂರಬೇಕು, ಅವರಿಲ್ಲದೆ ಕಥೆ ಹೇಳುವುದಿಲ್ಲ ಅಂದರು. ಅಜ್ಜ ಮೀಸೆ ತೀಡಿ, ಮೊಮ್ಮಗಳು ಗೋಲಿನಲ್ಲಿ ಹೇಗೆ ನಿಲ್ಲುತ್ತಾಳೆ ಎಂದು ಕೇಳಿದರು. ಸರ್ ಅದಕ್ಕೆ ಉತ್ತರ ಹೇಳಲು ಎದ್ದು ನಿಂತು ಪಡಸಾಲೆಯಲ್ಲಿ ಅಡ್ಡ ಬಿದ್ದೇ ತೋರಿಸಿದರು. ಒಪ್ಪಿಗೆ ಸಿಕ್ಕಿತು.

ಹೀಗೆ ಉದಗೀರಕ್ಕೆ ಟೆಂಪೊದಲ್ಲಿ ಮಕ್ಕಳೆಷ್ಟೋ ಅಷ್ಟೇ ತಾಯಂದಿರೂ ಹೊರಟೆವು. ಮೊದಲ ಅರ್ಧ ಆಟದಲ್ಲಿ ಶಿವಾನಿ ಒಂದು ಗೋಲನ್ನೂ ಬಿಡಲಿಲ್ಲ. ಹಾಫ್‌ಟೈಮಿಗೆ ಸರ್ ಎಲ್ಲರ ಎದುರಿಗೆ ತಮ್ಮ ಕಥೆ ಹೇಳಿದರು, ಪ್ರಾರ್ಥಿಸಿದರು; ಕೈ ಕೇಳಲಿಲ್ಲ. ಯಾರು ಹೇಗೆ ಪ್ರಾರ್ಥಿಸುತ್ತೀರೋ ಹಾಗೆ ಪ್ರಾರ್ಥಿಸಿ ಅಂದರು. ಮಕ್ಕಳು ಮೈದಾನಕ್ಕೆ ಓಡಿದ ಮೇಲೆ ಮಹಾನಂದಾ ನನ್ನ ಪಕ್ಕಕ್ಕೆ ಸರಿದು ಕೂತಳು.

"ಅಕ್ಕಾ, ಆ ಸರ್ ನಿನ್ನೆ ಮೊನ್ನೆ ಬಂದಂವಾ. ನಮ್ಮ ಮಾವನ ಮುಂದ ಕುಂತು ಎಲ್ಲ ಬಿಚ್ಚಿ ಹೇಳಿದ. ನೀ ಇಷ್ಟ ವರ್ಷ ಬಾಜೂಕ ಇದ್ದಿ. ನನಗ ಒಂದಿನ ಹೇಳಿಲ್ಲ. ಪೋರಿಗಿ ಹೇಳ್ಸಲತ್ತಿ. ನನಗ್ಯಾಕ ಹೇಳಂಗಿಲ್ಲ?"

ದೇವರಿಗೆ ಅವಳ ಬಗ್ಗೆ ದಿನಾ ಹೇಳಿದ್ದೆ. ಅವಳಿಗೆ ದೇವರ ಬಗ್ಗೆ ಒಂದು ದಿನವೂ ಹೇಳಿರಲಿಲ್ಲ. ನನ್ನ ಬಾಯಿಂದ ಆಗಬೇಕಾದ ಕೆಲಸಕ್ಕೆ ನಾಗಪುರದಿಂದ ಒಬ್ಬ ಹುಡುಗ ಚೆಂಡು ಹಿಡಿದುಕೊಂಡು ಬರಬೇಕಾಯಿತು.

ಹೇಳುತ್ತೇನೆ ಎಂದು ಶುರು ಮಾಡಿದೆ. ಚರ್ಚಿನಲ್ಲಿ ಪ್ರತಿವರ್ಷ ಹೇಳುವ ಸಾಕ್ಷಿಯೇ, ದೇವರು ನನಗೆ ಮಾಡಿದ ಉಪಕಾರದ ಕಥೆಯೇ, ಬಾಯಿಗೆ ಬಂತು. ನಮ್ಮವರು ಕಾಮಾಲೆಯಾಗಿ ಲಾತೂರಿನ ಆಸ್ಪತ್ರೆಯಲ್ಲಿ ಬಿದ್ದಿದ್ದರು. ನಾನು ಅವರ ಹಾಸಿಗೆಯ ಹತ್ತಿರ, ಮನೆಯಲ್ಲಿ ಎರಡು ಸಣ್ಣ ಮಕ್ಕಳು, ಕಣ್ಣು ಕಾಣದ ಅತ್ತೆ. ಡಾಕ್ಟರರೇ ಆಸೆ ಬಿಟ್ಟಿದ್ದರು. ಆಗ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬೇಡಿಕೊಂಡೆ. ಯಾರೋ ಬೆನ್ನ ಮೇಲೆ ಕೈ ಇಟ್ಟ ಹಾಗಾಯಿತು, ಹೆದರಿಕೆ ಹೋಯಿತು, ಅವತ್ತಿನಿಂದ ನಾನು ಒಬ್ಬಳೇ ಇದ್ದೇನೆ ಎಂದು ಅನ್ನಿಸಿಲ್ಲ. ಇಲ್ಲಿಯವರೆಗೆ ಅವಳು ಕಣ್ಣು ಕದಲಿಸದೆ ಕೇಳಿದಳು. ನನಗೆ ಧೈರ್ಯ ಬಂತು. ಆ ತಿಂಗಳೆಲ್ಲ ಸ್ವಾಮಿ ನನ್ನ ಮಕ್ಕಳನ್ನು ಒಂದು ಹೊತ್ತೂ ಹಸಿದು ಮಲಗಿಸಲಿಲ್ಲ, ಎಂದೆ. ಚರ್ಚಿನಲ್ಲಿ ಈ ಮಾತಿಗೆ ಎಲ್ಲರೂ ಆಮೆನ್ ಅನ್ನುತ್ತಾರೆ.

"ಹ್ಯಾಂಗ ಮಲಗ್ತಾವ ಅಕ್ಕಾ?" ಅಂದಳು ಮಹಾನಂದಾ. "ಎರಡೂ ಹೊತ್ತು ರೊಟ್ಟಿ ನಾನ ಕೊಟ್ಟ ಬರ್ತಿದ್ದೆ."

ಚುಚ್ಚಿ ಅಂದದ್ದಲ್ಲ. ಹೊಲದಲ್ಲಿ ಯಾವ ವರ್ಷ ಏನು ಬಿತ್ತಿದ್ದೆವು ಎಂದು ನೆನಪು ಮಾಡಿಕೊಡುವ ಹಾಗೆ ಅಂದಳು. ರೊಟ್ಟಿ ಕೊಟ್ಟದ್ದು ನನಗೂ ಗೊತ್ತಿತ್ತು; ಊರಿಗೆ ಬಂದಮೇಲೆ ಅವಳ ಡಬ್ಬಿ ತೊಳೆದು, ಒಳಗೆ ಶೇಂಗಾ ಉಂಡಿ ಇಟ್ಟು ತಿರುಗಿ ಕೊಟ್ಟಿದ್ದೆ. ಆದರೆ ಸಾಕ್ಷಿಯಲ್ಲಿ ಅವಳ ಹೆಸರು ಎಂದೂ ಬಂದಿರಲಿಲ್ಲ. ನಾನು ತಡವರಿಸಿ, ರೊಟ್ಟಿ ದೇವರೇ ಕಳಿಸಿದ, ನಿನ್ನ ಕೈಯಲ್ಲಿ, ಅಂದೆ.

ಅವಳು ಸ್ವಲ್ಪ ಯೋಚನೆ ಮಾಡಿ, "ಹಂಗಿದ್ರ ಹಂಗ ಹೇಳು," ಅಂದಳು. "ಮುಂದ?"

ಎರಡನೆಯ ಅರ್ಧ ಆಟದಲ್ಲಿ ಏನಾಯಿತೋ ನಾನು ನೋಡಲಿಲ್ಲ. ನಿಲಂಗಾ ಎಷ್ಟು ಗೋಲಿಗೆ ಸೋತಿತು ಎಂದು ನಮ್ಮವರು ಕೇಳಿದಾಗ ಹೇಳಲು ಬರಲಿಲ್ಲ; ಶಿವಾನಿ ಅಳುತ್ತಿದ್ದಳು, ಸರ್ ಅವಳ ಬೆನ್ನು ತಟ್ಟುತ್ತಿದ್ದರು, ಅಷ್ಟು ಗೊತ್ತು. ನಾನು ಹೇಳುತ್ತಿದ್ದೆ, ಮಹಾನಂದಾ ಕೇಳುತ್ತಿದ್ದಳು, ನಡುನಡುವೆ ತಿದ್ದುತ್ತಿದ್ದಳು. ಅವಳಿಗೆ ಏನನ್ನಿಸಿತು ಎಂದು ನನಗೆ ಗೊತ್ತಿಲ್ಲ, ಅವಳೂ ಹೇಳಿಲ್ಲ. ಮಗಳು ಜಾಲಿಯ ಬಯಲಿಗೆ ಈಗಲೂ ಆಡಲು ಹೋಗುತ್ತಾಳೆ. ನಾನು ಮಹಾನಂದಾಳಿಗಾಗಿ ಬೇಡಿಕೊಳ್ಳುವುದನ್ನೂ ಬಿಟ್ಟಿಲ್ಲ. ಉಳಿದದ್ದನ್ನು ಕೇಳಲು ನಾಳೆ ಬೇಳೆ ಹಸನು ಮಾಡಲು ತೆಗೆದುಕೊಂಡು ನಮ್ಮ ಮನೆಗೇ ಬರುತ್ತೇನೆ ಅಂದಿದ್ದಾಳೆ. ಅದಕ್ಕೇ ಬೆಳಗಿನಿಂದ ನನ್ನ ಸಾಕ್ಷಿಯನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಕೊಂಡು ನೋಡುತ್ತಿದ್ದೇನೆ. ಚರ್ಚಿನಲ್ಲಾದರೆ ಒಂದಿಷ್ಟು ಹೆಚ್ಚುಕಡಿಮೆ ಹೇಳಿದರೂ ನಡೆಯುತ್ತದೆ. ಇವಳು ಪಕ್ಕದ ಮನೆಯವಳು, ಎಲ್ಲವನ್ನೂ ನೋಡಿದ್ದಾಳೆ.